ಶಿಕ್ಷೆಗೂ ಲೆಕ್ಕ ಕೇಳಿದ ಜೆರೆಮಿ ಬೆಂಥಾಮ್

ಸುಮಾರು ಇನ್ನೂರೈವತ್ತು ವರ್ಷಗಳ ಹಿಂದಿನ ಲಂಡನ್ ನಗರದ ಒಂದು ನ್ಯಾಯಾಲಯದಲ್ಲಿ ನೀವು ಜ್ಯೂರಿಯ ಸದಸ್ಯರಾಗಿ ಕುಳಿತಿದ್ದೀರಿ ಎಂದು ಭಾವಿಸಿಕೊಳ್ಳಿ. ಎದುರಿಗೆ ಮನೆಗೆಲಸದ ಒಬ್ಬ ಹುಡುಗಿ ನಿಂತಿದ್ದಾಳೆ. ಯಜಮಾನರ ಮನೆಯ ಬೆಳ್ಳಿ ಸಾಮಾನು ಕದ್ದಳೆಂಬುದು ಅವಳ ಮೇಲಿನ ಆರೋಪ. ಸಾಕ್ಷಿಗಳ ಮಾತು ಕೇಳಿದ ಮೇಲೆ ಆರೋಪ ನಿಜವೆಂದು ನಿಮಗೂ ಮನವರಿಕೆಯಾಗಿದೆ. ಆದರೆ ಅಂದಿನ ಕಾನೂನಿನ ಪ್ರಕಾರ ವಾಸದ ಮನೆಯೊಳಗಿಂದ 40 ಶಿಲ್ಲಿಂಗ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ವಸ್ತುವನ್ನು ಕದ್ದವರಿಗೆ ಗಲ್ಲು. ನೀವೇನು ಮಾಡುವಿರಿ? ಅಂದಿನ ಎಷ್ಟೋ ಜ್ಯೂರಿಗಳು ಕದ್ದ ಮಾಲಿನ ಬೆಲೆ 39 ಶಿಲ್ಲಿಂಗ್ ಮಾತ್ರ ಎಂದು ತೀರ್ಮಾನ ಕೊಟ್ಟುಬಿಟ್ಟರು. ಪ್ರಮಾಣ ಮಾಡಿ ಕುಳಿತವರು ತಿಳಿದೂ ತಿಳಿದೂ ಸುಳ್ಳು ಹೇಳಿದರು. ಒಂದು ಜೀವ ಉಳಿಯಿತು. ಆದರೆ ಕಾನೂನಿನ ಮಾತಿಗೆ ಬೆಲೆ ಉಳಿಯಲಿಲ್ಲ.

ಅಂಗಡಿಯಿಂದ 5 ಶಿಲ್ಲಿಂಗ್ ಬೆಲೆಯ ಸರಕು ಎಗರಿಸಿದರೂ, ಕುರಿ ಕದ್ದರೂ, ಖೋಟಾ ಹುಂಡಿ ಬರೆದರೂ ಮರಣದಂಡನೆಯೇ. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ಶಿಕ್ಷೆ ಇತ್ತು. ಶಿಕ್ಷೆ ಎಷ್ಟು ಭಯಂಕರವೋ ಅಪರಾಧ ಅಷ್ಟು ಕಡಿಮೆ ಎಂದು ದೊಡ್ಡವರೆಲ್ಲ ನಂಬಿದ್ದರು. ಆಗ ಒಬ್ಬರು ವ್ಯಾಪಾರಿಯಂತೆ ಎದ್ದು ನಿಂತು, ಇಷ್ಟೆಲ್ಲ ನೋವನ್ನು ಖರ್ಚು ಮಾಡುತ್ತಿದ್ದೀರಲ್ಲ, ಇದರಿಂದ ನಿಮಗೆ ದಕ್ಕಿದ್ದೇನು, ಖಾತೆ ಪುಸ್ತಕ ತೋರಿಸಿ ಎಂದು ಸರ್ಕಾರವನ್ನೇ ಕೇಳಿದರು. ಅವರೇ ಜೆರೆಮಿ ಬೆಂಥಾಮ್. ಇತಿಹಾಸ ಮತ್ತು ರಾಜ್ಯಶಾಸ್ತ್ರದ ಪಠ್ಯಗಳಲ್ಲಿ ಉಪಯುಕ್ತತಾವಾದದ ಜನಕರೆಂದು ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಈ ಮನುಷ್ಯನ ಬದುಕನ್ನು ಸ್ವಲ್ಪ ವಿವರವಾಗಿ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಬೆಂಥಾಮ್ ಅವರು 1748ರ ಫೆಬ್ರವರಿ 15ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ಜೆರೆಮಿಯಾ ಬೆಂಥಾಮ್ ಅನುಕೂಲಸ್ಥ ವಕೀಲರು. ಮಗು ಮೂರನೆಯ ವಯಸ್ಸಿಗೇ ಲ್ಯಾಟಿನ್ ಕಲಿಯಲು ಶುರು ಮಾಡಿತು. ಏಳನೆಯ ವಯಸ್ಸಿಗೆ ವೆಸ್ಟ್‌ಮಿನ್‌ಸ್ಟರ್ ಶಾಲೆ, ಹನ್ನೆರಡನೆಯ ವಯಸ್ಸಿಗೆ ಆಕ್ಸ್‌ಫರ್ಡಿನ ಕ್ವೀನ್ಸ್ ಕಾಲೇಜು. ನಮ್ಮ ವಿದ್ಯಾರ್ಥಿಗಳು ಏಳನೆಯ ತರಗತಿಯಲ್ಲಿರುವ ವಯಸ್ಸು ಅದು! ಅಂದು ಆಕ್ಸ್‌ಫರ್ಡಿನಲ್ಲಿ ಓದಬೇಕಾದರೆ ಇಂಗ್ಲೆಂಡಿನ ಚರ್ಚಿನ 39 ಧಾರ್ಮಿಕ ಸೂತ್ರಗಳನ್ನು ಒಪ್ಪಿ ಸಹಿ ಹಾಕಬೇಕಿತ್ತು. ಮನಸ್ಸಿಗೆ ಒಪ್ಪದಿದ್ದರೂ ಹುಡುಗ ಸಹಿ ಹಾಕಿದ. ಆ ಸಹಿ ಅವರನ್ನು ಕೊನೆಯವರೆಗೂ ಕಾಡಿತು.

ಮಗ ದೇಶದ ಅತ್ಯುನ್ನತ ನ್ಯಾಯಾಧಿಕಾರಿ ಆಗಬೇಕೆಂಬುದು ತಂದೆಯ ಆಸೆ. 1769ರಲ್ಲಿ ಮಗನಿಗೆ ವಕೀಲಿ ಸನದು ದೊರೆಯಿತು. ಮೊದಲ ಮೊಕದ್ದಮೆಯೂ ಬಂತು. ಬೆಂಥಾಮ್ ಕಾಗದಪತ್ರ ಓದಿ ನೋಡಿ, ಈ ವ್ಯಾಜ್ಯಕ್ಕೆ ಸುರಿಯುವ ಹಣ ದಂಡ, ಇಲ್ಲಿಗೇ ನಿಲ್ಲಿಸಿ ಹಣ ಉಳಿಸಿಕೊಳ್ಳಿ ಎಂಬ ಸಲಹೆ ಕೊಟ್ಟರು. ಹೀಗೆ ಸಲಹೆ ಕೊಡುವ ವಕೀಲರಿಗೆ ಎರಡನೆಯ ಮೊಕದ್ದಮೆ ಎಲ್ಲಿಂದ ಬರಬೇಕು! ವಕೀಲಿ ಅಲ್ಲಿಗೆ ಮುಗಿಯಿತು. ತಂದೆಗೆ ತೀವ್ರ ನಿರಾಶೆಯಾಯಿತು. ಮಗ ಕಾನೂನು ಇರುವುದು ಹೇಗೆ ಎಂಬುದನ್ನು ಬಿಟ್ಟು, ಹೇಗಿರಬೇಕು ಎಂಬುದನ್ನು ಬರೆಯುತ್ತ ಕುಳಿತರು. ಮುಂದಿನ ಅರವತ್ತು ವರ್ಷ ಬಹುತೇಕ ಪ್ರತಿದಿನ ಹಾಳೆಗಟ್ಟಲೆ ಬರೆದರು. ಮದುವೆಯಾಗಲಿಲ್ಲ. ತಮ್ಮ ಊರುಗೋಲಿಗೂ ಚಹಾ ಕುಡಿಕೆಗೂ ಹೆಸರಿಟ್ಟು ಕರೆಯುತ್ತಿದ್ದರು, ಬೆಕ್ಕಿಗಂತೂ ಪಾದ್ರಿಯ ಬಿರುದನ್ನೇ ಕೊಟ್ಟಿದ್ದರು.

ಅದೇ ದಿನಗಳಲ್ಲಿ ಅವರ ಕೈಗೆ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ಇಟಲಿಯ ಮಿಲಾನ್ ನಗರದ ಸೆಸಾರೆ ಬೆಕಾರಿಯ ಎಂಬ ಯುವಕ ಅಪರಾಧ ಮತ್ತು ಶಿಕ್ಷೆಗಳ ಬಗ್ಗೆ 1764ರಲ್ಲಿ ಪ್ರಕಟಿಸಿದ ಗ್ರಂಥ ಅದು. ಚಿತ್ರಹಿಂಸೆ ಮತ್ತು ಮರಣದಂಡನೆ ಎರಡನ್ನೂ ವಿರೋಧಿಸಿದ ಬೆಕಾರಿಯ, ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದೆ ಬಂದೇ ಬರುತ್ತದೆಂಬ ಖಾತ್ರಿ ಎಂದು ವಾದಿಸಿದ್ದರು. ಬೆಂಥಾಮ್ ಈ ಋಣವನ್ನು ಎಂದೂ ಮರೆಮಾಚಲಿಲ್ಲ. ಆದರೆ ಬೆಕಾರಿಯ ಹೃದಯದಿಂದ ಹೇಳಿದ್ದನ್ನು ಇವರು ಲೆಕ್ಕಪತ್ರವನ್ನಾಗಿ ಮಾಡಿದರು. 1780ರಲ್ಲಿ ಅಚ್ಚಾಗಿ 1789ರಲ್ಲಿ ಹೊರಬಂದ ಅವರ ನೀತಿ ಮತ್ತು ಶಾಸನ ತತ್ತ್ವಗಳ ಗ್ರಂಥದಲ್ಲಿ ಆ ಲೆಕ್ಕ ಪೂರ್ತಿಯಾಗಿ ಇದೆ.

ಆ ಲೆಕ್ಕದ ಮೊದಲ ಸಾಲೇ ಅಂದಿನ ಜನರನ್ನು ಬೆಚ್ಚಿಬೀಳಿಸುವಂಥದು. ಶಿಕ್ಷೆ ಎಂಬುದೂ ಒಂದು ಕೇಡೇ, ಯಾಕೆಂದರೆ ಅದು ನೋವು. ಅಪರಾಧಿಯ ನೋವೂ ನೋವೇ, ಅದನ್ನೂ ಖರ್ಚಿನ ಬಾಬಿಗೆ ಬರೆಯಬೇಕು. ಆ ಖರ್ಚಿನಿಂದ ಅದಕ್ಕಿಂತ ದೊಡ್ಡ ಕೇಡು ತಪ್ಪುವುದಾದರೆ ಮಾತ್ರ ಶಿಕ್ಷೆ ಕೊಡಬಹುದು. ಆದ್ದರಿಂದ ಕೇಡೇ ಆಗಿಲ್ಲದ ಕಡೆ ಶಿಕ್ಷೆ ಬೇಡ. ಶಿಕ್ಷಿಸಿದರೂ ಪರಿಣಾಮವಾಗದ ಕಡೆ, ಅಂದರೆ ಚಿಕ್ಕ ಮಗು, ಬುದ್ಧಿಭ್ರಮಣೆಯಾದವರು, ಕಾನೂನು ಹೊರಡುವ ಮುಂಚೆಯೇ ಕೃತ್ಯ ಮಾಡಿದವರು, ಇಂಥವರ ವಿಷಯದಲ್ಲಿ ಬೇಡ. ತಪ್ಪಿಸುವ ಕೇಡಿಗಿಂತ ಶಿಕ್ಷೆಯ ಕೇಡೇ ಹೆಚ್ಚಾಗುವಲ್ಲಿ ಬೇಡ. ತಿಳಿಹೇಳಿ ಸರಿಪಡಿಸಬಹುದಾದ ಕಡೆಯೂ ಬೇಡ.

ಶಿಕ್ಷೆಯ ತೂಕವನ್ನು ಅಳೆಯುವಾಗ ಅದು ಎಷ್ಟು ಕಠಿಣ ಎಂದಷ್ಟೇ ನೋಡಿದರೆ ಸಾಲದು, ಎಷ್ಟು ಖಚಿತ, ಎಷ್ಟು ಬೇಗ ಎಂಬುದನ್ನೂ ನೋಡಬೇಕು ಎಂಬುದು ಅವರ ಲೆಕ್ಕದ ತಿರುಳು. ಇದು ಶಿಕ್ಷಕರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಮನೆಕೆಲಸ ಬರೆಯದವರನ್ನು ಶಾಲೆಯಿಂದಲೇ ತೆಗೆದುಹಾಕುತ್ತೇನೆಂದು ಗುಡುಗುವ ಮೇಷ್ಟ್ರಿಗೆ ಮಕ್ಕಳು ಹೆದರುವುದಿಲ್ಲ, ಅದು ನಡೆಯುವ ಮಾತಲ್ಲವೆಂದು ಅವರಿಗೆ ಗೊತ್ತು. ದಿನವೂ ತಪ್ಪದೆ ಪುಸ್ತಕ ನೋಡಿ, ಬರೆಯದವರನ್ನು ಮಧ್ಯಾಹ್ನ ಕೂರಿಸಿ ಬರೆಸುವ ಮೇಷ್ಟ್ರಿಗೆ ಹೆದರುತ್ತಾರೆ. ಲಂಡನ್ನಿನ ಗಲ್ಲು ಮೊದಲನೆಯ ಮೇಷ್ಟ್ರ ಗುಡುಗಿನಂತಿತ್ತು. ಶಿಕ್ಷೆ ಕ್ರೂರವಾದಷ್ಟೂ ಫಿರ್ಯಾದಿ ದೂರು ಕೊಡಲು ಹಿಂಜರಿಯುತ್ತಿದ್ದರು, ಸಾಕ್ಷಿ ಬಾಯಿ ಬಿಡುತ್ತಿರಲಿಲ್ಲ, ಜ್ಯೂರಿ 39 ಶಿಲ್ಲಿಂಗ್ ಎನ್ನುತ್ತಿತ್ತು. ಕಳ್ಳನಿಗೆ ಇದೆಲ್ಲ ತಿಳಿದಿತ್ತು. ಇನ್ನೊಂದು ಅಪಾಯವೂ ಇತ್ತು. ಕುರಿ ಕದ್ದರೂ ಗಲ್ಲು, ಕುರುಬನನ್ನು ಕೊಂದರೂ ಗಲ್ಲು ಎಂದಾದರೆ, ನೋಡಿದ ಕುರುಬನನ್ನು ಜೀವಸಹಿತ ಬಿಡಲು ಕಳ್ಳನಿಗೆ ಕಾರಣವೇನಿದೆ?

ಇಲ್ಲಿ ಒಂದು ಮಾತು. ಖರ್ಚು, ಬಾಕಿ, ವಕೀಲ, ಕೈದಿ, ಸಜೆ, ಜಾಮೀನು, ಇವೆಲ್ಲ ಅರಬ್ಬಿ ಮತ್ತು ಫಾರಸಿಯಿಂದ ಹೊರಟು ಕನ್ನಡದಲ್ಲಿ ಮನೆಮಾಡಿಕೊಂಡ ಪದಗಳು. ಬಜಾರಿನ ಲೆಕ್ಕದ ಮಾತೂ ಕಚೇರಿಯ ನ್ಯಾಯದ ಮಾತೂ ಒಂದೇ ದಾರಿಯಲ್ಲಿ ನಮ್ಮ ಊರಿಗೆ ಬಂದಿವೆ. ಬೆಂಥಾಮರ ವಿಚಾರವನ್ನು ಕನ್ನಡದಲ್ಲಿ ಬರೆಯಲು ಹೊರಟಾಗ ಎರಡು ಕಡೆಗೂ ಇವೇ ಪದಗಳು ಒದಗಿದ್ದು ಕಂಡು ನನಗೆ ಖುಷಿಯಾಯಿತು.

ಲೆಕ್ಕ ಪುಸ್ತಕದಲ್ಲೇ ಉಳಿಯಲಿಲ್ಲ. ಲಂಡನ್ನಿನ ಥೇಮ್ಸ್ ನದಿಯಲ್ಲಿ ನಿಂತ ಹಡಗುಗಳಿಂದ ವರ್ಷಕ್ಕೆ ಸುಮಾರು ಐದು ಲಕ್ಷ ಪೌಂಡಿನ ಸರಕು ಕಳುವಾಗುತ್ತಿದೆ ಎಂದು ಪ್ಯಾಟ್ರಿಕ್ ಕೊಲ್‌ಕ್ವೂನ್ ಎಂಬ ಮ್ಯಾಜಿಸ್ಟ್ರೇಟರು ಅಂದಾಜು ಮಾಡಿದ್ದರು. 1798ರಲ್ಲಿ ವರ್ತಕರ ಹಣದಿಂದ ನದಿ ಕಾವಲಿನ ಒಂದು ಪೊಲೀಸ್ ಪಡೆ ಶುರುವಾಯಿತು. ಆರಂಭದ ವೆಚ್ಚ 4,200 ಪೌಂಡ್. ಉಳಿದ ಸರಕಿನ ಬೆಲೆ 1,22,000 ಪೌಂಡ್ ಎಂದು ಹೇಳಲಾಯಿತು. ಈ ಅಂಕಿಯನ್ನು ಕೊಟ್ಟವರು ಆ ಪಡೆಯನ್ನು ಕಟ್ಟಿದವರೇ ಎಂಬುದನ್ನು ಓದುಗರು ಮರೆಯಬಾರದು, ತನ್ನ ಮೊಸರು ಹುಳಿ ಎನ್ನುವವರು ಯಾರೂ ಇಲ್ಲ. ಏನೇ ಇರಲಿ, ಬರೀ ಕಾವಲಿನಿಂದ ಕಳ್ಳತನ ಇಳಿಸಬಹುದೆಂಬ ಮಾತು ಪಾರ್ಲಿಮೆಂಟಿನ ಕಿವಿಗೆ ಬಿತ್ತು. ಆ ಪಡೆಯನ್ನು ಸರ್ಕಾರವೇ ವಹಿಸಿಕೊಳ್ಳುವ ಮಸೂದೆಯ ಕರಡನ್ನು ಬರೆದವರು ಬೆಂಥಾಮ್. 1800ರಲ್ಲಿ ಅದು ಕಾಯ್ದೆಯಾಯಿತು.

ಇನ್ನು ಅವರ ಬದುಕಿನ ಅತಿ ದೊಡ್ಡ ಹಂಬಲಕ್ಕೂ ಅತಿ ದೊಡ್ಡ ಎಡವಟ್ಟಿಗೂ ಬರೋಣ. ತಮ್ಮ ಸ್ಯಾಮ್ಯುಯೆಲ್ ರಷ್ಯಾದಲ್ಲಿ ಉದ್ಯೋಗದಲ್ಲಿದ್ದರು. 1785ರಲ್ಲಿ ಬೆಂಥಾಮ್ ಸ್ಮಿರ್ನಾ ಮತ್ತು ಕಾನ್‌ಸ್ಟಾಂಟಿನೋಪಲ್ ಮಾರ್ಗವಾಗಿ ಅಲ್ಲಿಗೆ ಹೊರಟರು. ಇಂದಿನ ಬೆಲಾರೂಸಿನಲ್ಲಿರುವ ಕ್ರಿಚೆವ್ ಎಂಬಲ್ಲಿ ತಮ್ಮ ಕೆಲಸಗಾರರ ಮೇಲೆ ನಿಗಾ ಇಡಲು ಒಂದು ದುಂಡಗಿನ ಕಟ್ಟಡದ ಯೋಚನೆ ಮಾಡಿದ್ದರು. ಅಣ್ಣ ಅದನ್ನೇ ಜೈಲಿಗೆ ಹೊಂದಿಸಿ ಪ್ಯಾನಾಪ್ಟಿಕನ್ ಎಂದು ಹೆಸರಿಟ್ಟರು. ಸುತ್ತಲೂ ವೃತ್ತಾಕಾರವಾಗಿ ಕೋಣೆಗಳು, ನಟ್ಟನಡುವೆ ಕಾವಲು ಗೋಪುರ. ಗೋಪುರದಲ್ಲಿದ್ದವರಿಗೆ ಎಲ್ಲ ಕೈದಿಗಳೂ ಕಾಣುತ್ತಾರೆ. ಗೋಪುರದಲ್ಲಿ ಈಗ ಯಾರಾದರೂ ಇದ್ದಾರೋ ಇಲ್ಲವೋ ಕೈದಿಗೆ ಮಾತ್ರ ತಿಳಿಯದು. ಹೀಗೆ ಒಬ್ಬ ಕಾವಲುಗಾರ ನೂರಾರು ಜನರ ಕೆಲಸ ಮಾಡಿದಂತಾಗುತ್ತದೆ, ಹೊಡೆತ ಬಡಿತ ಸಂಕೋಲೆಗಳ ಅಗತ್ಯ ಬೀಳುವುದಿಲ್ಲ ಎಂಬುದು ಅವರ ಎಣಿಕೆ.

ಆಗ ಇಂಗ್ಲೆಂಡ್ ತನ್ನ ಕೈದಿಗಳನ್ನು ಹಡಗು ತುಂಬಿಸಿ ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡಲು ಆರಂಭಿಸಿತ್ತು. ಮೊದಲ ಹಡಗುಗಳು 1788ರ ಜನವರಿಯಲ್ಲಿ ಅಲ್ಲಿಗೆ ತಲುಪಿದವು. 1802ರಲ್ಲಿ ಬೆಂಥಾಮ್ ಗೃಹ ಖಾತೆಯ ಮಂತ್ರಿ ಲಾರ್ಡ್ ಪೆಲ್ಹಮರಿಗೆ ಬಹಿರಂಗ ಪತ್ರಗಳನ್ನು ಬರೆದು ಗಡೀಪಾರನ್ನೂ ತಮ್ಮ ಜೈಲನ್ನೂ ಒಂದೇ ತಕ್ಕಡಿಗೆ ಹಾಕಿದರು. ಸಾಮಾನ್ಯ ವಿಮರ್ಶಕರಂತೆ ಹಣದ ವೆಚ್ಚ ಒಂದನ್ನೇ ಹಿಡಿಯಲಿಲ್ಲ. ನೋಡಿದವರಿಗೆ ಎಚ್ಚರಿಕೆಯಾಗುತ್ತದೆಯೇ, ಕೈದಿ ಸುಧಾರಿಸುತ್ತಾನೆಯೇ, ಮತ್ತೆ ಅಪರಾಧ ಮಾಡದಂತೆ ತಡೆ ಬೀಳುತ್ತದೆಯೇ, ನಷ್ಟವಾದವರಿಗೆ ಏನಾದರೂ ಪರಿಹಾರ ಸಿಗುತ್ತದೆಯೇ, ಕೊನೆಗೆ ಬೊಕ್ಕಸಕ್ಕೆ ಎಷ್ಟು ಭಾರ ಎಂದು ಐದು ಬಾಬುಗಳಲ್ಲಿ ಹೋಲಿಸಿದರು. ಸಾಕ್ಷ್ಯಕ್ಕೆ ಆ ವಸಾಹತಿನ ಅಧಿಕಾರಿಯಾಗಿದ್ದ ಡೇವಿಡ್ ಕಾಲಿನ್ಸ್ ಬರೆದ ವೃತ್ತಾಂತವನ್ನೇ ಬಳಸಿದರು. ಭೂಮಿಯ ಆಚೆ ತುದಿಯಲ್ಲಿ ನಡೆಯುವ ಶಿಕ್ಷೆಯನ್ನು ಲಂಡನ್ನಿನ ಕಳ್ಳ ನೋಡುವುದೆಂದು? ಏಳು ವರ್ಷದ ಶಿಕ್ಷೆ ಮುಗಿದರೂ ಮರಳಲು ಹಡಗಿಲ್ಲದವನಿಗೆ ಅದು ಜೀವಾವಧಿಯೇ ಅಲ್ಲವೇ? ನನ್ನ ಅಭಿಪ್ರಾಯದಲ್ಲಿ ಬೆಂಥಾಮರ ಬರಹಗಳಲ್ಲಿ ಇಂದಿನ ಸರ್ಕಾರಗಳು ಮೊದಲು ಓದಬೇಕಾದದ್ದು ಇದೇ. ಸರ್ಕಾರ ಮಾತ್ರ ಓದಲಿಲ್ಲ. 1868ರವರೆಗೆ ಸುಮಾರು 1,62,000 ಜನ ಹೀಗೆ ಆಸ್ಟ್ರೇಲಿಯಕ್ಕೆ ಹೋದರು.

ಪ್ಯಾನಾಪ್ಟಿಕನ್‌ಗೆ 1794ರಲ್ಲಿ ಪಾರ್ಲಿಮೆಂಟ್ ಒಪ್ಪಿಗೆ ಕೊಟ್ಟಿತು. 1799ರಲ್ಲಿ ಥೇಮ್ಸ್ ದಡದ ಮಿಲ್‌ಬ್ಯಾಂಕಿನಲ್ಲಿ ಜಾಗವೂ ಸಿಕ್ಕಿತು. ಆದರೆ ಬೆಂಥಾಮರ ಯೋಜನೆಯಲ್ಲಿ ಜೈಲು ಸರ್ಕಾರದ್ದಲ್ಲ, ಗುತ್ತಿಗೆದಾರರದ್ದು. ಕೈದಿಗಳಿಂದ ಕೆಲಸ ಮಾಡಿಸಿದ ಲಾಭವೂ ಗುತ್ತಿಗೆದಾರರಿಗೇ. ಆ ಗುತ್ತಿಗೆದಾರರು ಯಾರು? ಸ್ವತಃ ಬೆಂಥಾಮ್! ಇದನ್ನು ಬರೀ ದುರಾಸೆ ಎನ್ನುವಂತಿಲ್ಲ. ಸಾಮಾನ್ಯ ಲೆಕ್ಕಕ್ಕಿಂತ ಹೆಚ್ಚು ಕೈದಿಗಳು ಸತ್ತರೆ ತಲೆಗೆ ಇಷ್ಟೆಂದು ದಂಡ ಕಟ್ಟುತ್ತೇನೆ, ಬಿಡುಗಡೆಯಾದವನು ಮತ್ತೆ ಘೋರ ಅಪರಾಧ ಮಾಡಿದರೂ ಹಣ ತೆರುತ್ತೇನೆ ಎಂದು ತಾವೇ ಷರತ್ತು ಹಾಕಿಕೊಂಡಿದ್ದರು. ಇಂಥ ಷರತ್ತಿಗೆ ಇಂದಿನ ಯಾವ ಗುತ್ತಿಗೆದಾರ ಸಹಿ ಹಾಕಿಯಾನು? ಆದರೂ ಹಗಲೂ ರಾತ್ರಿ ಕಣ್ಣಿನ ಕೆಳಗೆ ಬದುಕುವ ಮನುಷ್ಯನ ಸಂಕಟಕ್ಕೆ ಆ ಖಾತೆಯಲ್ಲಿ ಒಂದು ಸಾಲೂ ಇರಲಿಲ್ಲ. ಅಪರಾಧಿಯ ನೋವನ್ನು ಮೊದಲ ಸಾಲಿನಲ್ಲೇ ಖರ್ಚೆಂದು ಬರೆದವರು, ಅಂಗಡಿ ತಮ್ಮದೇ ಎಂದಾದಾಗ ಆ ಬಾಬನ್ನು ಬಿಟ್ಟುಬಿಟ್ಟರು. 1811ರಲ್ಲಿ ಪರಿಶೀಲನಾ ಸಮಿತಿಯೊಂದು, ಕೈದಿಯ ಬೆವರಿನಿಂದ ಲಾಭ ಪಡೆಯುವವರ ಕೈಗೆ ಕೈದಿಯನ್ನು ಒಪ್ಪಿಸಲಾಗದೆಂದು ಯೋಜನೆಯನ್ನು ತಳ್ಳಿಹಾಕಿತು. 1813ರಲ್ಲಿ ಅವರಿಗೆ 23,000 ಪೌಂಡ್ ಪರಿಹಾರ ಕೊಡಲಾಯಿತು. ಇಪ್ಪತ್ತು ವರ್ಷದ ಕನಸು ಹೀಗೆ ಮುಗಿದದ್ದು ರಾಜ ಮೂರನೆಯ ಜಾರ್ಜನ ಹಗೆಯಿಂದ ಎಂದು ಅವರು ಕೊನೆಯವರೆಗೂ ನಂಬಿದ್ದರು.

ಅದೇ ಜಾಗದಲ್ಲಿ ಸರ್ಕಾರ ಬೇರೆ ನಕ್ಷೆಯ ಜೈಲು ಕಟ್ಟಿ 1816ರಲ್ಲಿ ತೆರೆಯಿತು. ಅಲ್ಲಿಯ ಊಟ ಅತಿಯಾಯಿತೆಂಬ ಟೀಕೆ ಬಂದು 1822ರಲ್ಲಿ ಆಹಾರ ಕಡಿತವಾಯಿತು. ಮರುವರ್ಷವೇ ರಕ್ತಪಿತ್ತ ಮತ್ತು ಭೇದಿ ಹಬ್ಬಿ ಹಲವರು ಸತ್ತರು, ಇಡೀ ಜೈಲನ್ನೇ ಖಾಲಿ ಮಾಡಿ ಕೈದಿಗಳನ್ನು ಸಾಗಿಸಬೇಕಾಯಿತು. ತುತ್ತಿನಲ್ಲಿ ಉಳಿಸಿದ್ದು ಎಲ್ಲಿ ಹೋಯಿತೆಂದು ನೀವೇ ಲೆಕ್ಕ ಹಾಕಿ.

ಬೆಂಥಾಮರ ಬರಹ ತೊಡಕಿನದು. ಜಿನೀವಾದ ಎಟಿಯೆನ್ ಡ್ಯುಮಾಂ ಎಂಬ ಗೆಳೆಯರು ಅದನ್ನು ತಿಳಿಯಾದ ಫ್ರೆಂಚಿನಲ್ಲಿ 1802ರಲ್ಲಿ ಹೊರತಂದ ಮೇಲೆಯೇ ಯುರೋಪು ಅವರನ್ನು ಓದಿದ್ದು. ಇಂಗ್ಲೆಂಡಿನಲ್ಲಿ ಮತ್ತೊಬ್ಬ ಗೆಳೆಯ ಸ್ಯಾಮ್ಯುಯೆಲ್ ರಾಮಿಲಿ ಪಾರ್ಲಿಮೆಂಟಿನಲ್ಲಿ ಒಂದೊಂದೇ ಗಲ್ಲು ಕಾನೂನನ್ನು ಹಿಡಿದು ಹೋರಾಡಿ, 1808ರಲ್ಲಿ ಜೇಬುಗಳ್ಳತನಕ್ಕಿದ್ದ ಮರಣದಂಡನೆಯನ್ನು ತೆಗೆಸಿದರು. 1830ರಲ್ಲಂತೂ ಬ್ಯಾಂಕಿನವರೇ ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿ, ಖೋಟಾ ಕಾಗದದ ಅಪರಾಧಕ್ಕೆ ಗಲ್ಲು ತೆಗೆಯಿರಿ, ಗಲ್ಲಿನ ಭಯದಿಂದ ಯಾರೂ ಶಿಕ್ಷೆಗೆ ಒಪ್ಪದೆ ನಮ್ಮ ಹಣಕ್ಕೆ ರಕ್ಷಣೆ ಇಲ್ಲದಂತಾಗಿದೆ ಎಂದು ಬೇಡಿಕೊಂಡರು. ಬೆಂಥಾಮ್ ಐವತ್ತು ವರ್ಷ ಹಿಂದೆ ಬರೆದ ಲೆಕ್ಕ ವ್ಯಾಪಾರಿಗಳಿಗೆ ಆಗ ಅರ್ಥವಾಗಿತ್ತು. ಯೌವನದಲ್ಲಿ ಕೊಲೆಯಂಥ ಅಪರಾಧಕ್ಕೆ ಮರಣದಂಡನೆ ಇರಬಹುದೇನೋ ಎಂದಿದ್ದ ಅವರು 1831ರ ಹೊತ್ತಿಗೆ ಅದು ಪೂರ್ತಿ ರದ್ದಾಗಬೇಕೆಂದು ಬರೆದರು. ತಪ್ಪಾದರೆ ತಿದ್ದಲಾಗದ ಖರ್ಚು ಅದು.

ಬಡವರ ಪರವಾಗಿಯೂ ಅವರು ಒಂದು ಹಳೆಯ ಅನ್ಯಾಯವನ್ನು ಎತ್ತಿ ಆಡಿದ್ದರು. ಮೊಕದ್ದಮೆಯ ಪ್ರತಿ ಕಾಗದಕ್ಕೂ ತೆರಿಗೆ ಹಾಕುವುದೆಂದರೆ, ಹಣವಿಲ್ಲದವರಿಗೆ ನ್ಯಾಯದ ಬಾಗಿಲು ಮುಚ್ಚುವುದೆಂದು 1795ರಲ್ಲಿ ಪ್ರಕಟವಾದ ಪುಸ್ತಿಕೆಯಲ್ಲಿ ವಾದಿಸಿದರು. ವಿಳಂಬ, ವೆಚ್ಚ, ಕಿರುಕುಳ ಈ ಮೂರೂ ತೀರ್ಪಿನ ಮುಂಚೆಯೇ ಬೀಳುವ ಶಿಕ್ಷೆಗಳೆಂಬುದು ಅವರ ನಿಲುವಿನ ಸಾರ. ನಮ್ಮ ದೇಶದ ಜೈಲುಗಳಲ್ಲಿ 2022ರ ಕೊನೆಗೆ ಇದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರು ಅಪರಾಧಿಗಳೆಂದು ಸಾಬೀತಾಗದವರು. ಇವರ ದಿನಗಳನ್ನು, ಮನೆಯಲ್ಲಿ ಕಾಯುವ ಮಕ್ಕಳ ಶಾಲೆಯನ್ನು ಯಾರ ಖಾತೆಯಲ್ಲಿ ಬರೆಯೋಣ?

ನಮ್ಮ ನಾಡಿಗೂ ಅವರಿಗೂ ಇರುವ ನಂಟು ಇಷ್ಟೇ ಅಲ್ಲ. ಮೆಕಾಲೆ ಅಧ್ಯಕ್ಷತೆಯ ಕಾನೂನು ಆಯೋಗ 1837ರಲ್ಲಿ ಸಿದ್ಧಪಡಿಸಿ, 1860ರಲ್ಲಿ ಅಂಗೀಕಾರವಾಗಿ, 1862ರಿಂದ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯ ಮೇಲೆ ಬೆಂಥಾಮರ ಪ್ರಭಾವ ಗಾಢವಾಗಿದೆ. ಪ್ರತಿ ಅಪರಾಧಕ್ಕೂ ಸ್ಪಷ್ಟ ವ್ಯಾಖ್ಯೆ, ಅಲ್ಲಲ್ಲಿ ಉದಾಹರಣೆಗಳು, ಅಪರಾಧದ ತೂಕಕ್ಕೆ ತಕ್ಕ ಶಿಕ್ಷೆಯ ಮೆಟ್ಟಿಲುಗಳು, ಇವೆಲ್ಲ ಆ ಗುರುತುಗಳು. ಲೇಖನದ ಮೊದಲಲ್ಲಿ ಕಂಡ ಹುಡುಗಿಯಂಥವರು ಮಾಡಿದ ವಾಸದ ಮನೆಯೊಳಗಿನ ಕಳ್ಳತನಕ್ಕೆ ಅದರ 380ನೆಯ ಕಲಮಿನಲ್ಲಿ ಹೆಚ್ಚೆಂದರೆ ಏಳು ವರ್ಷ ಸಜೆ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದವರು ಹಳೆಯ ಸೆಂಟ್ರಲ್ ಜೈಲಿನ ನಡುವೆ ನಿಂತ ಕಾವಲು ಗೋಪುರವನ್ನು ನೋಡಿರಬಹುದು. ಅದು ಬೆಂಥಾಮರ ನಕ್ಷೆಯದಲ್ಲ, ಆದರೆ ನಡುವಿನಿಂದ ಎಲ್ಲವನ್ನೂ ನೋಡುವ ಅದೇ ಉಪಾಯ. ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಪ್ರಿಯವಾದೀತು. 1822ರಲ್ಲಿ ಲಂಡನ್ನಿಗೆ ಬಂದಿದ್ದ ಟ್ರಿಪೊಲಿಯ ಹಸ್ಸೂನಾ ಎಂಬ ಮುಸ್ಲಿಂ ರಾಜತಂತ್ರಜ್ಞರ ಗೆಳೆತನದಿಂದ, ಮುಸ್ಲಿಂ ರಾಜ್ಯವೊಂದರಲ್ಲಿ ದುರಾಡಳಿತ ತಡೆಯಲು ಯಾವ ಏರ್ಪಾಡು ಬೇಕೆಂಬ ಬಗ್ಗೆಯೇ ಬೆಂಥಾಮ್ ಒಂದು ಪ್ರಬಂಧ ಬರೆದರು.

ಅವರ ಲೆಕ್ಕದ ಪದ್ಧತಿ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದು ಬಂತು. 1968ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಅಪರಾಧದ ಅರ್ಥಶಾಸ್ತ್ರದ ಬಗ್ಗೆ ಬರೆದ ಪ್ರಬಂಧದಲ್ಲಿ ಬೆಕಾರಿಯ ಮತ್ತು ಬೆಂಥಾಮರ ಋಣವನ್ನು ನೆನೆದರು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾರ್ವಜನಿಕ ಸಂಶೋಧನಾ ಸಂಸ್ಥೆಯೊಂದು 2006ರಲ್ಲಿ ಹೊಸ ಜೈಲುಗಳ ವೆಚ್ಚವನ್ನೂ ಸುಧಾರಣಾ ತರಬೇತಿಗಳ ಫಲವನ್ನೂ ಹೋಲಿಸಿ ವರದಿ ಕೊಟ್ಟಿತು, ಮರುವರ್ಷ ಶಾಸಕರು ತರಬೇತಿಗಳಿಗೆ ಹಣ ಒದಗಿಸಿದರು.

ಬೆಂಥಾಮ್ 1832ರ ಜೂನ್ 6ರಂದು ನಿಧನರಾದರು. ಸತ್ತ ಮೇಲೂ ಏನೂ ವ್ಯರ್ಥವಾಗಬಾರದೆಂದು ತಮ್ಮ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳ ಎದುರಿಗೆ ಛೇದಿಸಿ ಪಾಠ ಮಾಡಬೇಕೆಂದು ಬರೆದಿಟ್ಟಿದ್ದರು. ಗೆಳೆಯ ಸೌತ್‌ವುಡ್ ಸ್ಮಿತ್ ಹಾಗೆಯೇ ಮಾಡಿದರು. ಅಸ್ಥಿಪಂಜರಕ್ಕೆ ಅವರದೇ ಬಟ್ಟೆ ತೊಡಿಸಿ, ಮೇಣದ ತಲೆ ಜೋಡಿಸಿ ಕುರ್ಚಿಯ ಮೇಲೆ ಕೂರಿಸಲಾಯಿತು. 1850ರಿಂದ ಆ ಮೂರ್ತಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದೆ. ಅವರ ಅನುಯಾಯಿಗಳು ಸೇರಿ 1826ರಲ್ಲಿ ಸ್ಥಾಪಿಸಿದ ಈ ವಿದ್ಯಾಸಂಸ್ಥೆಯಲ್ಲಿ ಯಾವ ಧರ್ಮದವರು ಬಂದರೂ ಓದಬಹುದಿತ್ತು, ಯಾವ ಸೂತ್ರಕ್ಕೂ ಸಹಿ ಹಾಕಬೇಕಿರಲಿಲ್ಲ. 2020ರಲ್ಲಿ ಮೂರ್ತಿಯನ್ನು ಅಲ್ಲಿಯ ವಿದ್ಯಾರ್ಥಿ ಕೇಂದ್ರಕ್ಕೆ ಸ್ಥಳಾಂತರಿಸಿದರು. ಈಗ ಗಾಜಿನ ಪೆಟ್ಟಿಗೆಯೊಳಗೆ, ಊರುಗೋಲು ಹಿಡಿದು ಕುಳಿತ ಬೆಂಥಾಮರ ಮುಂದೆಯೇ ಹುಡುಗ ಹುಡುಗಿಯರು ಪುಸ್ತಕ ಹಿಡಿದು ಓಡಾಡುತ್ತಾರೆ.